ಲೋಹದೋಣಿಯ ಕುಲಶೋಧನೆಯೂ ಜೀರ್ಣೋದ್ಧಾರವೂ

ಹಳೆಯ ದೇವಾಲಯದ ಜೀರ್ಣೋದ್ಧಾರಕ್ಕೆ ತೊಡಗುವವನು ಮೊದಲು ಶಾಸನವನ್ನೋದಿ, ಶಿಲ್ಪದ ಕಾಲವನ್ನು ನಿರ್ಣಯಿಸಿಕೊಂಡು, ಅನಂತರ ಕಲ್ಲಿಗೆ ಕೈಯಿಕ್ಕಬೇಕೆಂಬುದು ಬಲ್ಲವರ ಮತ. ಇದೇ ನ್ಯಾಯವು ಮೀನು ಹಿಡಿಯುವ ಹಳೆಯ ಅಲ್ಯುಮಿನಿಯಂ ದೋಣಿಗೂ ಸಲ್ಲುವುದೆಂದರೆ ವಾಚಕರಿಗೆ ವಿನೋದವೆನಿಸಬಹುದು. ಆದರೆ ಅಮೆರಿಕದ ಸರೋವರಪ್ರಾಂತಗಳಲ್ಲಿ ಅರ್ಧ ಶತಮಾನವನ್ನು ಮೀರಿದ ಇಂತಹ ದೋಣಿಗಳು ಹಿತ್ತಿಲುಗಳಲ್ಲಿ ಬೋರಲಾಗಿ ಬಿದ್ದಿರುವುದುಂಟು. ಮರದ ದೋಣಿಯಾಗಿದ್ದರೆ ಎಂದೋ ಮಣ್ಣುಗೂಡುತ್ತಿತ್ತು. ಇವುಗಳಲ್ಲಿ ಮೈ ಉಳಿದಿದೆ, ಹೆಸರು ಮಾತ್ರ ಅಳಿದಿದೆ.

ಈ ಲೋಹದ ಚರಿತ್ರೆಯೇ ಈಚಿನದು. ೧೮೨೫ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಪಂಡಿತನು ಇದನ್ನು ಮೊದಲು ಬೇರ್ಪಡಿಸಿದನು. ೧೮೮೬ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬಿಬ್ಬರು ತರುಣರು ಒಬ್ಬರನ್ನೊಬ್ಬರು ಅರಿಯದೆಯೇ ವಿದ್ಯುಚ್ಛಕ್ತಿಯಿಂದ ಇದನ್ನು ತೆಗೆಯುವ ಮಾರ್ಗವನ್ನು ಕಂಡುಹಿಡಿದ ಮೇಲೆ, ಅದುವರೆಗೆ ಒಡವೆಯಂತಿದ್ದ ಲೋಹವು ಅಡಿಗೆಮನೆಯ ಪಾತ್ರೆಗೂ ಒದಗಿತು. ಕಬ್ಬಿಣದ ಮೂರನೆಯ ಒಂದು ಪಾಲಿನಷ್ಟೇ ತೂಕವುಳ್ಳ ಈ ವಸ್ತುವಿನ ಮೇಲೆ ನೌಕಾಶಿಲ್ಪಿಗಳ ದೃಷ್ಟಿ ಬಿದ್ದುದು ಸಹಜವೇ.

ಆದರೆ ಲಘುತ್ವವೊಂದನ್ನೇ ನೋಡಿ ಗುಣಾಂತರವನ್ನು ಮರೆತುದಕ್ಕೆ ತಕ್ಕ ಫಲವೂ ದೊರೆಯಿತು. ೧೮೯೫ರಲ್ಲಿ ಅಮೆರಿಕದ ಪ್ರಸಿದ್ಧವಾದ ಪಂದ್ಯಕ್ಕಾಗಿ 'ಡಿಫೆಂಡರ್' ಎಂಬ ಹಾಯಿಹಡಗು ನಿರ್ಮಿತವಾಯಿತು. ನೀರಿನೊಳಗಣ ಭಾಗಕ್ಕೆ ಕಂಚಿನ ತಗಡು, ಮೇಲ್ಭಾಗಕ್ಕೆ ಅಲ್ಯುಮಿನಿಯಂ, ಒಳಗಣ ಎಲುಬುಗಳಿಗೆ ಉಕ್ಕು. ಹಡಗು ಪಂದ್ಯವನ್ನೇನೋ ಗೆದ್ದಿತು. ಆದರೆ ಉಪ್ಪುನೀರಿನ ಸಂಪರ್ಕದಲ್ಲಿ ವಿಜಾತೀಯ ಲೋಹಗಳು ಕೂಡಿದಾಗ ಅವುಗಳ ನಡುವೆ ಸೂಕ್ಷ್ಮವಾದ ವಿದ್ಯುತ್ಪ್ರವಾಹವುಂಟಾಗಿ ದುರ್ಬಲವಾದ ಲೋಹವು ಕರಗುವುದು. ಹೀಗೆ ಅಲ್ಯುಮಿನಿಯಂ ಸವೆದು, ೧೯೦೧ರಲ್ಲಿ ಆ ಹಡಗನ್ನು ಒಡೆಯಲಾಯಿತು.

ಎರಡನೆಯ ಮಹಾಯುದ್ಧವು ಈ ಲೋಹವನ್ನು ಬಳಸುವ ಕೌಶಲವನ್ನು ಬೆಳೆಸಿತು. ಯುದ್ಧವಿಮಾನಗಳನ್ನು ತಯಾರಿಸುತ್ತಿದ್ದ ಗ್ರಮನ್ ಕಂಪೆನಿಯ ಅಧಿಕಾರಿಯಾದ ವಿಲಿಯಂ ಹಾಫ್‌ಮನ್ ಎಂಬಾತನು ೧೯೪೪ರಲ್ಲಿ ಅಡಿರಾಂಡಾಕ್ ಪರ್ವತಪ್ರಾಂತದ ವಿಹಾರದಲ್ಲಿ ಮರದ ಭಾರವಾದ ಕಿರುದೋಣಿಯನ್ನು ಹೊತ್ತು ಬಳಲಿ, ವಿಮಾನದ ತಗಡಿನಿಂದಲೇ ಇದನ್ನೇಕೆ ಮಾಡಬಾರದೆಂದು ಯೋಚಿಸಿದನು. ೧೯೪೫ರಲ್ಲಿ ಆ ಕಂಪೆನಿಯ ಅಲ್ಯುಮಿನಿಯಂ ಕಿರುದೋಣಿಗಳು ಹೊರಬಂದುವು. ಬೇರೆ ಕಾರ್ಖಾನೆಗಳೂ ಬೆಸ್ತರ ದೋಣಿಗಳನ್ನು ಹೀಗೆಯೇ ಮಾಡತೊಡಗಿದುವು. ರಣರಂಗದ ವಿದ್ಯೆಯು ಹೀಗೆ ಸರೋವರದ ಶಾಂತಜಲಕ್ಕೆ ಇಳಿಯಿತು.

ಇನ್ನು ಕುಲಶೋಧನೆ. ೧೯೭೨ರ ನವೆಂಬರ್ ೧ರಿಂದ ಅಮೆರಿಕದಲ್ಲಿ ಪ್ರತಿಯೊಂದು ದೋಣಿಯ ಹಿಂಬದಿಯ ಅಡ್ಡಗೋಡೆಯ ಬಲಭಾಗದಲ್ಲಿ ೧೨ ಅಕ್ಷರಾಂಕಗಳ ಗುರುತಿರಬೇಕೆಂಬ ವಿಧಿಯುಂಟು. ಮೊದಲ ೩ ಅಕ್ಷರಗಳು ತಯಾರಕನನ್ನೂ, ಮುಂದಿನ ೫ ದೋಣಿಯ ಕ್ರಮಾಂಕವನ್ನೂ, ಉಳಿದವು ಕಾಲವನ್ನೂ ಸೂಚಿಸುತ್ತವೆ. ಅದಕ್ಕೂ ಹಿಂದಿನ ದೋಣಿಯಾದರೆ ಒಳಗೆಲ್ಲಾದರೂ ಬಡಿದಿರುವ ಹೆಸರಿನ ತಗಡನ್ನೂ, ಒತ್ತಿದ ಅಂಕಿಗಳನ್ನೂ ಹುಡುಕಬೇಕು. ಅವೂ ದೊರೆಯದಿದ್ದರೆ ರಿವೆಟ್ಟುಗಳ ಸಾಲು, ಆಸನಗಳ ಜೋಡಣೆ, ಮೂತಿಯ ಬಾಗು, ಹುಟ್ಟುಗಳನ್ನು ಸಿಕ್ಕಿಸುವ ಕೊಂಡಿಗಳ ಆಕಾರ, ಇವುಗಳನ್ನು ಹಳೆಯ ಮಾರಾಟದ ಪಟ್ಟಿಗಳ ಚಿತ್ರಗಳೊಡನೆ ಹೋಲಿಸಬೇಕು. ಲಿಪಿಯಿಂದ ಶಾಸನದ ಕಾಲವನ್ನು ಅಳೆಯುವ ರೀತಿಯೇ ಇದು. ಹೊಳಪಿನ ಆಸೆಯಿಂದ ಮೊದಲೇ ಉಜ್ಜಿದವನು ಶಾಸನವನ್ನು ತಾನೇ ಅಳಿಸಿದಂತಾಯಿತು. ಈ ಶೋಧನೆಯು ಬರಿಯ ಕುತೂಹಲಕ್ಕಲ್ಲ. ಎಷ್ಟು ಜನರನ್ನು, ಎಷ್ಟು ಬಲದ ಯಂತ್ರವನ್ನು ಆ ದೋಣಿ ತಾಳುವುದೆಂಬುದು ಇದರಿಂದ ತಿಳಿಯತಕ್ಕುದು. ತಪ್ಪಿದರೆ ಹೋಗುವುದು ಪ್ರಾಣ.

ಕುಲವು ತಿಳಿದ ಮೇಲೆ ಚಿಕಿತ್ಸೆ. ದೋಣಿಯನ್ನು ಆಧಾರಗಳ ಮೇಲಿಟ್ಟು, ಅದರೊಳಗೆ ಮಿತವಾಗಿ ನೀರು ತುಂಬಿದರೆ ಸೋರುವ ರಿವೆಟ್ಟುಗಳು ತಾವೇ ಹನಿಗೂಡಿ ತೋರುತ್ತವೆ. ಸಡಿಲವಾದುದಕ್ಕೆ ಒಂದು ಕಡೆ ಭಾರವಾದ ಕಬ್ಬಿಣವನ್ನು ಆನಿಸಿ, ಇನ್ನೊಂದು ಕಡೆಯಿಂದ ಬಡಿದು ಬಿಗಿಮಾಡಬೇಕು. ಬಿದ್ದುಹೋದುದಕ್ಕೆ ಅಲ್ಯುಮಿನಿಯಮ್ಮಿನದನ್ನೇ ಹಾಕಬೇಕಲ್ಲದೆ ತಾಮ್ರದ್ದನ್ನಲ್ಲ. ಯಂತ್ರವನ್ನು ಹೊರುವ ಹಿಂಬದಿಯ ಹಲಗೆಯು ಕೊಳೆತಿದ್ದರೆ ಹೊಸದನ್ನು ಕೂರಿಸಬೇಕು. ಹುಳು ಹಿಡಿಯದಿರಲೆಂದು ತಾಮ್ರಲವಣವನ್ನು ಊಡಿಸಿದ ಮರವು ಅಲ್ಲಿ ಸಲ್ಲದು. ತಾಮ್ರ ಬೆರೆತ ಬಣ್ಣವೂ ನಿಷಿದ್ಧ. ತಳದ ತೇವದಲ್ಲಿ ಮರೆತು ಬಿದ್ದ ತಾಮ್ರದ ಕಾಸೊಂದು ಸಹ ಕಾಲಕ್ರಮದಲ್ಲಿ ತಗಡನ್ನು ತಿನ್ನಬಲ್ಲುದು. ಶಾಖಸಂಸ್ಕಾರದಿಂದ ಬಲಗೊಂಡ ತಗಡನ್ನು ಬೆಸೆದರೆ ಆ ಬೆಂಕಿಯೇ ಅದರ ಬಲವನ್ನು ಕುಗ್ಗಿಸುವುದು.

ಧಾರಾದ ಭೋಜರಾಜನದೆಂದು ಹೇಳುವ 'ಯುಕ್ತಿಕಲ್ಪತರು'ವಿನಲ್ಲಿ, ಸಮುದ್ರಗಾಮಿಯಾದ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದೆಂಬ ನಿಷೇಧವಿದೆ. ಅಯಸ್ಕಾಂತಶಿಲೆಗಳು ಸೆಳೆಯುವುವೆಂಬುದು ಅಲ್ಲಿ ಕೊಟ್ಟ ಕಾರಣ. ಆ ಕಾರಣವನ್ನು ಇಂದಿನವರು ಒಪ್ಪಲಾರರು. ಆದರೂ ನೌಕೆಯ ಮೈಗೆ ಯಾವುದರ ಕೂಟ ಹಿತ, ಯಾವುದರ ಕೂಟ ಅಹಿತವೆಂಬ ವಿಚಾರವಿಲ್ಲದೆ ಕೈಯಿಕ್ಕಬಾರದೆಂಬ ವಿವೇಕವು ಹಳತಾಗಿಲ್ಲ. 'ಡಿಫೆಂಡರ್' ಅಳಿದುದು ಬಿರುಗಾಳಿಯಿಂದಲ್ಲ, ಸಹವಾಸದೋಷದಿಂದ. ಹಿತ್ತಿಲಿನಲ್ಲಿ ಬಿದ್ದ ಅನಾಮಧೇಯವಾದ ದೋಣಿಯನ್ನು ಮತ್ತೆ ನೀರಿಗಿಳಿಸುವವನು ಇದನ್ನು ನೆನೆದರೆ, ಅದು ಅವನ ಮೊಮ್ಮಕ್ಕಳನ್ನೂ ದಡ ಸೇರಿಸೀತು.