ಒಂದು ಅಕ್ಷರ, ಒಂದು ತಾರೀಖು

ಸ್ವಿಟ್ಜರ್ಲೆಂಡ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಿಮದ ಬೆಟ್ಟ, ಹಸಿರು ಹುಲ್ಲುಗಾವಲು, ಗಡಿಯಾರ ಮತ್ತು ಬ್ಯಾಂಕು. ಹಿಂದಿ ಸಿನಿಮಾಗಳ ನಾಯಕ ನಾಯಕಿಯರು ಅಲ್ಲಿ ಹಾಡಿ ಕುಣಿದು ಆ ದೇಶವನ್ನು ನಮ್ಮ ಹಳ್ಳಿಹಳ್ಳಿಗೂ ಪರಿಚಯಿಸಿದ್ದಾರೆ. ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸದ ದೇಶ, ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿದ ದೇಶ ಎಂಬ ಗೌರವವೂ ಅದಕ್ಕಿದೆ. ಈ ಚಿತ್ರ ಸುಳ್ಳೇನಲ್ಲ. ಆದರೆ ಒಂದು ದೇಶದ ಅಂತರಂಗ ತಿಳಿಯಬೇಕಾದರೆ ಅದಕ್ಕೆ ಕಷ್ಟ ಒದಗಿದ ಒಂದು ವರ್ಷವನ್ನು ಎತ್ತಿಕೊಂಡು ತಿಂಗಳು ತಿಂಗಳಾಗಿ ನೋಡಬೇಕು. ಸ್ವಿಟ್ಜರ್ಲೆಂಡಿನ ಪಾಲಿಗೆ ಅಂಥ ವರ್ಷ 1938.

ಆಗ ಅಲ್ಲಿನ ಜನಸಂಖ್ಯೆ ಸುಮಾರು 42 ಲಕ್ಷ. ಉತ್ತರಕ್ಕೆ ಹಿಟ್ಲರನ ಜರ್ಮನಿ, ದಕ್ಷಿಣಕ್ಕೆ ಮುಸೊಲಿನಿಯ ಇಟಲಿ, ಪಶ್ಚಿಮಕ್ಕೆ ಫ್ರಾನ್ಸ್, ಪೂರ್ವಕ್ಕೆ ಆಸ್ಟ್ರಿಯಾ. ಸಮುದ್ರವಿಲ್ಲದ ಆ ಪುಟ್ಟ ದೇಶಕ್ಕೆ ಸುತ್ತಲೂ ಇದ್ದ ದೊಡ್ಡ ನೆರೆಹೊರೆಯವರ ಭಯ ಸಹಜವಾಗಿತ್ತು.

ಒಳ್ಳೆಯ ಆರಂಭ

ವರ್ಷ ಶುರುವಾದದ್ದು ಹೆಮ್ಮೆಪಡುವಂಥ ಒಂದು ತೀರ್ಮಾನದಿಂದ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಭಾಷೆಗಳ ಜೊತೆಗೆ ರೊಮಾನ್ಶ್ ಎಂಬ ಇನ್ನೊಂದು ಭಾಷೆಯಿದೆ. ಗ್ರಾವುಬ್ಯುಂಡನ್ ಎಂಬ ಬೆಟ್ಟನಾಡಿನ ಕಣಿವೆಗಳಲ್ಲಿ ಉಳಿದುಕೊಂಡ ಈ ಭಾಷೆಯನ್ನಾಡುವವರು ನೂರಕ್ಕೆ ಒಬ್ಬರಷ್ಟೆ. ಅದು ಸ್ವತಂತ್ರ ಭಾಷೆಯೇ ಅಲ್ಲ, ಇಟಾಲಿಯನ್ನಿನ ಒಂದು ಉಪಭಾಷೆ, ಆದ್ದರಿಂದ ಆ ಕಣಿವೆಗಳೂ ತಮಗೇ ಸೇರಬೇಕಾದವು ಎಂದು ಇಟಲಿಯ ಫ್ಯಾಸಿಸ್ಟರು ವಾದಿಸುತ್ತಿದ್ದರು. ಇದಕ್ಕೆ ಸ್ವಿಸ್ ಜನ ಮತಪೆಟ್ಟಿಗೆಯಲ್ಲಿ ಉತ್ತರ ಕೊಟ್ಟರು. 1938ರ ಫೆಬ್ರವರಿ 20ರಂದು ನಡೆದ ಜನಮತಗಣನೆಯಲ್ಲಿ ನೂರಕ್ಕೆ 91ಕ್ಕಿಂತ ಹೆಚ್ಚು ಮಂದಿ ರೊಮಾನ್ಶ್ ನಮ್ಮ ನಾಲ್ಕನೆಯ ರಾಷ್ಟ್ರಭಾಷೆ ಎಂದು ಒಪ್ಪಿದರು. ಮತ ಹಾಕಿದವರೆಲ್ಲ ಗಂಡಸರೇ. ಅಲ್ಲಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1971ರಲ್ಲಿ ಎಂಬುದನ್ನು ಇಲ್ಲಿ ಮರೆಯಬಾರದು. ಹಾಗಿದ್ದೂ, ಬಹುಸಂಖ್ಯಾತರು ತಾವಾಗಿಯೇ ಒಂದು ಪುಟ್ಟ ಸಮುದಾಯದ ಮಾತಿಗೆ ಸಂವಿಧಾನದಲ್ಲಿ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆಯೊಂದಿಗೆ ಬೆಳೆದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಜುಲೈ 3ರಂದು ಇನ್ನೊಂದು ಜನಮತಗಣನೆ ನಡೆಯಿತು. ಅದುವರೆಗೆ ಕ್ಯಾಂಟನ್ ಎಂದು ಕರೆಯುವ ಪ್ರತಿ ಪ್ರಾಂತಕ್ಕೂ ಬೇರೆ ಬೇರೆ ದಂಡಸಂಹಿತೆ ಇತ್ತು. ಇಡೀ ದೇಶಕ್ಕೆ ಒಂದೇ ದಂಡಸಂಹಿತೆ ಬೇಕೇ ಎಂಬ ಪ್ರಶ್ನೆಗೆ ನೂರಕ್ಕೆ 53ರಷ್ಟು ಮಂದಿ ಬೇಕೆಂದರು. 1942ರಲ್ಲಿ ಜಾರಿಗೆ ಬಂದ ಆ ಸಂಹಿತೆಯಲ್ಲಿ ಮರಣದಂಡನೆ ಇರಲಿಲ್ಲ. ಅದು ಉಳಿದದ್ದು ಸೇನೆಯ ಕಾನೂನಿನಲ್ಲಿ ಮಾತ್ರ. ಪಕ್ಕದ ಜರ್ಮನಿಯಲ್ಲಿ ಕೊಡಲಿಗೆ ಬಿಡುವಿಲ್ಲದ ಕಾಲದಲ್ಲಿ ಈ ದೇಶ ಅದನ್ನು ಕೆಳಗಿಡುವ ನಿರ್ಧಾರ ಮಾಡಿತ್ತು.

ಬಾಗಿಲು ತಟ್ಟಿದವರು

ಈ ಎರಡು ಜನಮತಗಣನೆಗಳ ನಡುವೆ ಯೂರೋಪಿನ ನಕಾಶೆಯೇ ಬದಲಾಯಿತು. ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾವನ್ನು ಹೊಕ್ಕಿತು. ಮರುದಿನ ಆಸ್ಟ್ರಿಯಾ ಜರ್ಮನಿಯ ಭಾಗವಾಯಿತು. ವಿಯೆನ್ನಾದ ಬೀದಿಗಳಲ್ಲಿ ಯಹೂದಿಗಳನ್ನು ಮಂಡಿಯೂರಿಸಿ ರಸ್ತೆ ತಿಕ್ಕಿಸಿದರು; ಅಂಗಡಿಗಳನ್ನೂ ಮನೆಗಳನ್ನೂ ಕಿತ್ತುಕೊಂಡರು. ಆಸ್ಟ್ರಿಯಾದಲ್ಲಿದ್ದ ಸುಮಾರು 2 ಲಕ್ಷ ಯಹೂದಿಗಳಿಗೆ ಓಡಿಹೋಗುವುದೊಂದೇ ದಾರಿ ಉಳಿಯಿತು. ಸ್ವಿಸ್ ಸರ್ಕಾರ ತಿಂಗಳು ಕಳೆಯುವುದರೊಳಗೆ ಆಸ್ಟ್ರಿಯಾದ ಪಾಸ್‌ಪೋರ್ಟ್ ಉಳ್ಳವರಿಗೆ ವೀಸಾ ಕಡ್ಡಾಯ ಮಾಡಿತು.

ಮೇ 14ರಂದು ಜಿನೀವಾದಲ್ಲಿ ರಾಷ್ಟ್ರಸಂಘದ ಮಂಡಳಿ ಸ್ವಿಟ್ಜರ್ಲೆಂಡಿನ ಪೂರ್ಣ ತಾಟಸ್ಥ್ಯಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ಯಾವ ದೇಶದ ಮೇಲೂ ಆರ್ಥಿಕ ದಿಗ್ಬಂಧನ ಹೇರುವ ಹೊಣೆ ಅದಕ್ಕಿರಲಿಲ್ಲ. ಎರಡು ವರ್ಷ ಹಿಂದೆ ಇದೇ ಜಿನೀವಾದಲ್ಲಿ, ಇಟಲಿ ನುಂಗಿಹಾಕಿದ ಅಬಿಸೀನಿಯಾದ ಚಕ್ರವರ್ತಿ ಹೈಲೆ ಸೆಲಾಸಿ ನ್ಯಾಯ ಬೇಡಿ ಬರಿಗೈಯಲ್ಲಿ ಮರಳಿದ್ದರು. ಇಸ್ಲಾಮಿನ ಚರಿತ್ರೆ ಬಲ್ಲವರಿಗೆ ಈ ಅಬಿಸೀನಿಯಾ ಅಪರಿಚಿತವಲ್ಲ. ಮಕ್ಕಾದ ಕಿರುಕುಳ ತಾಳಲಾರದೆ ಬಂದ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟ ಕ್ರೈಸ್ತ ದೊರೆ ನಜ್ಜಾಶಿಯ ನಾಡು ಅದು. ಅವರನ್ನು ತಮಗೆ ಒಪ್ಪಿಸಬೇಕೆಂದು ಕುರೈಶರು ಉಡುಗೊರೆಗಳ ಸಮೇತ ದೂತರನ್ನು ಕಳಿಸಿದಾಗ, ನಜ್ಜಾಶಿ ಬಂದವರ ಮಾತನ್ನೂ ಕೇಳಿ, ಉಡುಗೊರೆಗಳನ್ನು ಹಿಂದಿರುಗಿಸಿದರು. ಆಶ್ರಯಕ್ಕೆ ಉರ್ದುವಿನಲ್ಲಿ ಪನಾಹ್ ಎನ್ನುತ್ತಾರೆ. ಪನಾಹ್ ಬೇಡಿ ಬಂದವನ ಮಾತನ್ನು ಮೊದಲು ಕೇಳಬೇಕು ಎಂಬುದೇ ಆ ಘಟನೆಯ ತಿರುಳು.

1938ರಲ್ಲಿ ಕೇಳುವ ಕಿವಿಗಳು ಕಡಿಮೆಯಿದ್ದವು. ಜುಲೈ 6ರಿಂದ 15ರವರೆಗೆ, ಜಿನೀವಾ ಸರೋವರದ ಫ್ರೆಂಚ್ ದಡದಲ್ಲಿರುವ ಎವಿಯಾನ್ ಎಂಬ ಊರಿನಲ್ಲಿ 32 ದೇಶಗಳ ಪ್ರತಿನಿಧಿಗಳು ನಿರಾಶ್ರಿತರ ಬಗ್ಗೆ ಚರ್ಚಿಸಲು ಸೇರಿದರು. ಸಭೆ ತನ್ನ ನೆಲದಲ್ಲಿ ನಡೆಯುವುದು ಸ್ವಿಟ್ಜರ್ಲೆಂಡಿಗೆ ಬೇಕಿರಲಿಲ್ಲ. ಒಬ್ಬೊಬ್ಬರಾಗಿ ಬಹುತೇಕ ಎಲ್ಲರೂ ಮರುಕ ತೋರಿದರು, ನಂತರ ತಮ್ಮಲ್ಲಿ ಜಾಗವಿಲ್ಲವೆಂದರು. ಅಮೆರಿಕ, ಬ್ರಿಟನ್, ಫ್ರಾನ್ಸ್ ಯಾರೂ ಇದಕ್ಕೆ ಹೊರತಲ್ಲ. ಸ್ವಿಟ್ಜರ್ಲೆಂಡನ್ನೊಂದೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯವಾದೀತು. ಆದರೆ ಉಳಿದವರಿಗಿಲ್ಲದ ಒಂದು ಗಡಿ ಅದಕ್ಕಿತ್ತು. ಆಸ್ಟ್ರಿಯಾದ ಹೊಹೆನೆಮ್ಸ್ ಊರಿನಿಂದ ಸ್ವಿಸ್ ಹಳ್ಳಿ ಡೀಪೋಲ್ಡ್‌ಸಾವುಗೆ ಹಳೆಯ ರೈನ್ ನದಿಯ ಕಾಲುವೆಯೊಂದನ್ನು ದಾಟಿದರೆ ಸಾಕು. ಆ ಬೇಸಗೆಯಲ್ಲಿ ರಾತ್ರಿ ಹೊತ್ತು ಜನ ಅದನ್ನು ದಾಟಿ ಬರುತ್ತಲೇ ಇದ್ದರು.

ಆಗಸ್ಟ್ 19ರಂದು ಆಜ್ಞೆ ಹೊರಟಿತು. ವೀಸಾ ಇಲ್ಲದೆ ಬಂದವರನ್ನು ಗಡಿಯಿಂದಲೇ ಹಿಂದಕ್ಕೆ ಕಳಿಸಬೇಕು; ಯಾರಿಗೂ ವಿನಾಯಿತಿಯಿಲ್ಲ.

ತಾರೀಖು ತಿದ್ದಿದ ಅಧಿಕಾರಿ

ಆ ಗಡಿ ಇದ್ದದ್ದು ಸೇಂಟ್ ಗಾಲೆನ್ ಪ್ರಾಂತದಲ್ಲಿ. ಅಲ್ಲಿನ ಪೊಲೀಸ್ ಮುಖ್ಯಸ್ಥರ ಹೆಸರು ಪೌಲ್ ಗ್ರೂನಿಂಗರ್. 1891ರಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಮೇಷ್ಟ್ರು, ಆಮೇಲೆ ಪೊಲೀಸ್ ಕ್ಯಾಪ್ಟನ್. ಯೌವನದಲ್ಲಿ ಒಳ್ಳೆಯ ಫುಟ್ಬಾಲ್ ಆಟಗಾರ. 1915ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಬ್ರ್ಯೂಲ್ ತಂಡದಲ್ಲಿ ಆಡಿದ್ದವರು. ಆ ಜೂನ್ 9ರಂದು ಪ್ಯಾರಿಸ್ಸಿನ ವಿಶ್ವಕಪ್ ಪಂದ್ಯದಲ್ಲಿ ಎರಡು ಗೋಲು ಹಿಂದಿದ್ದ ಸ್ವಿಸ್ ತಂಡ ಜರ್ಮನಿಯನ್ನು 4-2ರಿಂದ ಸೋಲಿಸಿದಾಗ ಇಡೀ ದೇಶ ಬೀದಿಗಿಳಿದು ಕುಣಿದಿತ್ತು. ಬಲಿಷ್ಠ ನೆರೆಯವನನ್ನು ಮೈದಾನದಲ್ಲಿ ಎದುರಿಸುವ ಧೈರ್ಯ ಎಲ್ಲರಿಗೂ ಇತ್ತು. ಕಚೇರಿಯ ಮೇಜಿನ ಮೇಲೆ ಎದುರಿಸುವ ಧೈರ್ಯ ಕೆಲವರಿಗಷ್ಟೇ ಇತ್ತು.

ಗ್ರೂನಿಂಗರ್ ಸಂಪ್ರದಾಯಸ್ಥ ಮನುಷ್ಯ. ಕ್ರಾಂತಿಕಾರಿಯಲ್ಲ, ರಾಜಕಾರಣಿಯಲ್ಲ. ಆದರೆ ತಮ್ಮ ಕಚೇರಿಗೆ ಬಂದ ಜನರ ಮುಖವನ್ನು ಅವರು ನೋಡುತ್ತಿದ್ದರು. ಹಿಂದಕ್ಕೆ ಕಳಿಸಿದರೆ ಇವರಿಗೆ ಏನಾಗುತ್ತದೆಂಬುದು ಅವರಿಗೆ ಗೊತ್ತಿತ್ತು. ಅವರು ಮಾಡಿದ್ದು ತೀರ ಸರಳ. ಆಗಸ್ಟ್ ಕೊನೆಗೋ ಅಕ್ಟೋಬರಿನಲ್ಲೋ ಗಡಿ ದಾಟಿದವರ ಕಾಗದದಲ್ಲಿ, ಆಜ್ಞೆ ಹೊರಡುವುದಕ್ಕೆ ಮುಂಚಿನ ತಾರೀಖು ಬರೆದರು. ಗಡಿ ಮುಚ್ಚುವ ಮೊದಲೇ ಬಂದವರು ಎಂದಾದರೆ ಅವರನ್ನು ಹೊರಹಾಕುವಂತಿರಲಿಲ್ಲ. ಹೀಗೆ ಉಳಿದವರ ಸಂಖ್ಯೆ ಕೆಲವು ನೂರು ಎಂದು ಕೆಲವರು, 3,600ರವರೆಗೆ ಎಂದು ಇನ್ನು ಕೆಲವರು ಲೆಕ್ಕ ಹಾಕಿದ್ದಾರೆ.

ಅಕ್ಷರ ಒತ್ತಿದ ಸರ್ಕಾರ

ಗ್ರೂನಿಂಗರ್ ತಾರೀಖು ತಿದ್ದುತ್ತಿದ್ದ ದಿನಗಳಲ್ಲೇ ರಾಜಧಾನಿ ಬರ್ನ್ ಮತ್ತು ಬರ್ಲಿನ್ ನಡುವೆ ಮಾತುಕತೆ ನಡೆದಿತ್ತು. ಜರ್ಮನ್ ಪಾಸ್‌ಪೋರ್ಟ್ ಹಿಡಿದು ಬರುವವರಲ್ಲಿ ಯಾರು ಪ್ರವಾಸಿ, ಯಾರು ಮರಳಿ ಹೋಗಲಾರದ ಯಹೂದಿ ಎಂದು ಗುರುತಿಸುವುದು ಹೇಗೆ ಎಂಬುದು ಸ್ವಿಸ್ ಅಧಿಕಾರಿಗಳ ಸಮಸ್ಯೆ. ಎಲ್ಲ ಜರ್ಮನರಿಗೂ ವೀಸಾ ಕಡ್ಡಾಯ ಮಾಡುತ್ತೇವೆಂದು ಅವರು ಹೇಳಿದರು. ಜರ್ಮನಿಗೆ ಅದು ಇಷ್ಟವಿರಲಿಲ್ಲ. ಅದರ ಬದಲು ಯಹೂದಿಗಳ ಪಾಸ್‌ಪೋರ್ಟಿಗೆ ಗುರುತು ಹಾಕಿಕೊಡುತ್ತೇವೆ ಎಂದು ಅದು ಮುಂದೆ ಬಂತು. ಯಹೂದಿ ಎಂಬ ಅರ್ಥದ ಜರ್ಮನ್ ಪದದ ಮೊದಲ ಅಕ್ಷರ 'ಜೆ'. ಅದನ್ನೇ ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ಒತ್ತುವುದು.

ಸ್ವಿಸ್ ಪೊಲೀಸ್ ವಿಭಾಗದ ಮುಖ್ಯಸ್ಥ ಹೈನ್ರಿಶ್ ರೋಟ್‌ಮುಂಡ್‌ಗೆ ಇದರ ಬಗ್ಗೆ ಅಳುಕಿತ್ತು; ಎಲ್ಲರಿಗೂ ವೀಸಾ ಎಂಬುದೇ ಅವರ ಆಯ್ಕೆಯಾಗಿತ್ತು. ಆದರೂ ಸೆಪ್ಟೆಂಬರ್ 29ರಂದು ಬರ್ಲಿನ್ನಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅದೇ ದಿನ ಮ್ಯೂನಿಕ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ನಾಯಕರು ಚೆಕೊಸ್ಲೊವಾಕಿಯಾವನ್ನು ಹಿಟ್ಲರನ ಮುಂದೆ ಬಲಿಗೊಡಲು ಕುಳಿತಿದ್ದರು. ಅಕ್ಟೋಬರ್ 4ರಂದು ಸ್ವಿಸ್ ಸಚಿವ ಸಂಪುಟ ಒಪ್ಪಂದವನ್ನು ಅಂಗೀಕರಿಸಿತು. ಮರುದಿನವೇ ಜರ್ಮನಿ ಯಹೂದಿಗಳ ಪಾಸ್‌ಪೋರ್ಟುಗಳನ್ನೆಲ್ಲ ರದ್ದುಮಾಡಿ, 'ಜೆ' ಮುದ್ರೆ ಬಿದ್ದ ಮೇಲಷ್ಟೇ ಅವು ಊರ್ಜಿತ ಎಂದಿತು. ಸ್ವಿಟ್ಜರ್ಲೆಂಡಿನ ಯಹೂದಿ ಪ್ರಜೆಗಳ ವಿಷಯದಲ್ಲೂ ಇದೇ ಕ್ರಮವನ್ನು ಕೇಳುವ ಹಕ್ಕನ್ನು ಜರ್ಮನಿ ಆ ಒಪ್ಪಂದದಲ್ಲಿ ಕಾದಿರಿಸಿಕೊಂಡಿತ್ತು. ಪರರ ಮೇಲೆ ಒತ್ತಲು ಒಪ್ಪಿದ ಮುದ್ರೆ ಒಂದು ದಿನ ತನ್ನ ಪ್ರಜೆಗಳ ಮೇಲೂ ಬೀಳಬಹುದು ಎಂಬುದು ಬರಹದಲ್ಲೇ ಇತ್ತು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಆ ಒಪ್ಪಂದದಲ್ಲಿ ಒಂದು ಸುಳ್ಳೂ ಇರಲಿಲ್ಲ. ಅಧಿಕಾರವುಳ್ಳವರು ಸಹಿ ಮಾಡಿದ್ದರು, ಸಂಪುಟ ಒಪ್ಪಿತ್ತು, ಕಡತ ಚೊಕ್ಕಟವಾಗಿತ್ತು. ಗ್ರೂನಿಂಗರ್ ಅವರ ಕಡತದಲ್ಲಿ ಮಾತ್ರ ಸುಳ್ಳು ತಾರೀಖುಗಳಿದ್ದವು. ಕಾನೂನಿನ ಕಣ್ಣಿಗೆ ಅಪರಾಧಿ ಯಾರು? ಆ ಕಾಲದ ಉತ್ತರ ಸ್ಪಷ್ಟವಾಗಿತ್ತು. 1939ರ ವಸಂತದಲ್ಲಿ ಅವರನ್ನು ಕೆಲಸದಿಂದ ವಜಾ ಮಾಡಿದರು. ಪಿಂಚಣಿ ಹೋಯಿತು. 1940ರ ಕೊನೆಯಲ್ಲಿ ನ್ಯಾಯಾಲಯ ಕರ್ತವ್ಯಲೋಪ ಮತ್ತು ದಾಖಲೆ ತಿದ್ದಿದ ಅಪರಾಧಕ್ಕಾಗಿ 300 ಫ್ರಾಂಕ್ ದಂಡ ಹಾಕಿತು. ಆಮೇಲೆ ಖಾಯಂ ಕೆಲಸ ಸಿಗದೆ, ಅಲ್ಲಿ ಇಲ್ಲಿ ದುಡಿದು, ಬಡತನದಲ್ಲೇ ಅವರು 1972ರಲ್ಲಿ ತೀರಿಕೊಂಡರು.

ಆ ನವೆಂಬರ್ ಇನ್ನೊಬ್ಬ ಸ್ವಿಸ್ ಪ್ರಜೆಯನ್ನೂ ನೆನಪಿಸುತ್ತದೆ. ಮೊರಿಸ್ ಬಾವೋ ಎಂಬ 22ರ ಹರೆಯದ ದೇವಶಾಸ್ತ್ರದ ವಿದ್ಯಾರ್ಥಿ ನವೆಂಬರ್ 9ರಂದು ಮ್ಯೂನಿಕ್‌ನ ಮೆರವಣಿಗೆಯಲ್ಲಿ ಹಿಟ್ಲರನ ಮೇಲೆ ಗುಂಡು ಹಾರಿಸಲು ಕಾದಿದ್ದ. ಸುತ್ತಲಿನವರು ವಂದನೆಗೆಂದು ಎತ್ತಿದ ಕೈಗಳು ಅಡ್ಡಬಂದವು. ಕೊಲೆಯ ದಾರಿಯನ್ನು ನಾವು ಹೊಗಳಬೇಕಿಲ್ಲ. ಆದರೆ ಸಿಕ್ಕಿಬಿದ್ದ ಆ ಯುವಕನನ್ನು ಉಳಿಸಲು ಅವನ ದೇಶದ ರಾಯಭಾರಿಗಳು ಬೆರಳೆತ್ತಲಿಲ್ಲ. 1941ರಲ್ಲಿ ಜರ್ಮನಿ ಅವನ ತಲೆ ಕಡಿಯಿತು. ಅವನು ಬಂದೂಕು ಹಿಡಿದು ಕಾದಿದ್ದ ದಿನದ ರಾತ್ರಿಯೇ ಜರ್ಮನಿ, ಆಸ್ಟ್ರಿಯಾಗಳ ಸಿನಗಾಗ್‌ಗಳಿಗೆ ಬೆಂಕಿ ಬಿತ್ತು. ಓಡಿಬಂದವರ ಕೈಯಲ್ಲಿ ಆಗ ಮುದ್ರೆ ಬಿದ್ದ ಪಾಸ್‌ಪೋರ್ಟುಗಳಿದ್ದವು.

ತಡವಾಗಿ ಬಂದ ನ್ಯಾಯ

ಯುದ್ಧಕಾಲದಲ್ಲಿ ಸ್ವಿಟ್ಜರ್ಲೆಂಡ್ ಸಾವಿರಾರು ನಿರಾಶ್ರಿತರಿಗೆ ಆಶ್ರಯ ಕೊಟ್ಟದ್ದೂ ನಿಜ, ಸಾವಿರಾರು ಮಂದಿಯನ್ನು ಗಡಿಯಿಂದ ತಳ್ಳಿದ್ದೂ ನಿಜ. 2002ರಲ್ಲಿ ಅಂತಿಮ ವರದಿ ಕೊಟ್ಟ ಬರ್ಜಿಯೆ ಆಯೋಗ ತಳ್ಳಿದವರ ಸಂಖ್ಯೆ 20 ಸಾವಿರವನ್ನು ಮೀರುತ್ತದೆಂದಿತು. ಅದು ಅಷ್ಟಿಲ್ಲವೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. 1995ರಲ್ಲಿ ಅಧ್ಯಕ್ಷ ಕಾಸ್ಪರ್ ವಿಲಿಗರ್ ದೇಶದ ಪರವಾಗಿ ಕ್ಷಮೆ ಕೇಳಿದರು. ಅದೇ ವರ್ಷ ಸೇಂಟ್ ಗಾಲೆನ್‌ನ ನ್ಯಾಯಾಲಯ ಗ್ರೂನಿಂಗರ್ ಅವರ ಮೇಲಿನ ತೀರ್ಪನ್ನು ರದ್ದುಮಾಡಿತು. ಅವರು ಸತ್ತು ಆಗಲೇ 23 ವರ್ಷ. ನಿರಾಶ್ರಿತರಿಗೆ ನೆರವಾಗಿ ಶಿಕ್ಷೆ ಉಂಡವರನ್ನೆಲ್ಲ ದೋಷಮುಕ್ತರೆನ್ನುವ ಕಾನೂನು 2004ರಲ್ಲಿ ಜಾರಿಗೆ ಬಂತು. ತನ್ನ ತಪ್ಪನ್ನು ತಾನೇ ಅಗೆದು ತೆಗೆಯುವ ದೇಶಗಳು ವಿರಳ. ಆ ಮಟ್ಟಿಗೆ ಸ್ವಿಸ್ ಜನರನ್ನು ಮೆಚ್ಚಲೇಬೇಕು.

ಹಾಗೆಂದು ಪಾಠ ಒಮ್ಮೆ ಕಲಿತರೆ ಮುಗಿಯಿತು ಎನ್ನುವಂತಿಲ್ಲ. 1938ರ ಫೆಬ್ರವರಿಯಲ್ಲಿ ಪುಟ್ಟ ಭಾಷೆಗೆ ಮಾನ ಕೊಟ್ಟ ಅದೇ ಜನಮತಗಣನೆಯ ಅಸ್ತ್ರವೇ 2009ರ ನವೆಂಬರ್ 29ರಂದು ಮಸೀದಿಗಳಿಗೆ ಹೊಸ ಮಿನಾರು ಕಟ್ಟುವುದನ್ನು ನಿಷೇಧಿಸಿತು. ಆಗ ಇಡೀ ದೇಶದಲ್ಲಿದ್ದ ಮಿನಾರುಗಳು ನಾಲ್ಕು. ಮಿನಾರಿನ ನಿಷೇಧವನ್ನು 'ಜೆ' ಮುದ್ರೆಗೆ ಸಮ ಎಂದರೆ ಅದು ಅತಿಶಯೋಕ್ತಿ. ಸಾವಿನೆಡೆಗೆ ತಳ್ಳುವುದಕ್ಕೂ ಕಟ್ಟಡವನ್ನು ತಡೆಯುವುದಕ್ಕೂ ಅಜಗಜಾಂತರವಿದೆ. ಆದರೆ ಮತಪೆಟ್ಟಿಗೆಯಾಗಲಿ ಕಾನೂನಾಗಲಿ ತನ್ನಷ್ಟಕ್ಕೆ ತಾನೇ ನ್ಯಾಯವಾಗುವುದಿಲ್ಲ ಎಂಬ ಎಚ್ಚರ ಎರಡೂ ಕಡೆ ಒಂದೇ.

ಹೊಹೆನೆಮ್ಸ್ ಮತ್ತು ಡೀಪೋಲ್ಡ್‌ಸಾವು ನಡುವೆ, ಜನ ರಾತ್ರಿ ಹೊತ್ತು ಜೀವ ಹಿಡಿದು ದಾಟುತ್ತಿದ್ದ ಆ ಹಳೆಯ ರೈನ್ ಮೇಲೆ ಒಂದು ಸೇತುವೆಯಿದೆ. 2012ರಲ್ಲಿ ಅದಕ್ಕೆ ಪೌಲ್ ಗ್ರೂನಿಂಗರ್ ಹೆಸರಿಟ್ಟರು. ಒಪ್ಪಂದಕ್ಕೆ ಸಹಿ ಮಾಡಿದವರ ಹೆಸರನ್ನು ಇಂದು ಇತಿಹಾಸದ ವಿದ್ಯಾರ್ಥಿಗಳು ಹುಡುಕಿ ಓದಬೇಕು. ತಾರೀಖು ತಿದ್ದಿದವನ ಹೆಸರು ದಾರಿಹೋಕರ ಬಾಯಲ್ಲಿದೆ.