ಮಂಜಿನ ಮುತ್ತಿಗೆ: ಒಂದು ಕಥೆಯ ಎರಡು ಮುಕ್ತಾಯಗಳು

ಒಂದು ಊರಿನ ಜನರು ಒಂದು ಕಟ್ಟಡದಲ್ಲಿ ಸಿಕ್ಕಿಕೊಂಡಿದ್ದಾರೆ. ಹೊರಗೆ ಅವರನ್ನು ಕೊಲ್ಲುವ ಘೋರಜಂತುಗಳಿವೆ. ಬಾಗಿಲು ದಾಟಿದವರು ಹಿಂದಿರುಗುವುದಿಲ್ಲ. ಇಂಥ ವಸ್ತುವುಳ್ಳ ಕಥೆಗಳನ್ನೂ ಚಲಚ್ಚಿತ್ರಗಳನ್ನೂ ಕೇವಲ ವಿನೋದದ ಸಾಮಗ್ರಿಯೆಂದು ಬದಿಗಿರಿಸುವುದು ಸುಲಭ. ಆದರೆ ಒಂದು ಸಮಾಜವು ತನ್ನ ಭಯವನ್ನು ಹೇಗೆ ಕಲ್ಪಿಸಿಕೊಳ್ಳುತ್ತದೆ, ಆ ಭಯದೆದುರು ಯಾರ ಮಾತನ್ನು ನಂಬುತ್ತದೆ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ಅಲಕ್ಷಿಸತಕ್ಕ ವಿಷಯವಲ್ಲ. ಅದರಲ್ಲಿಯೂ ಒಂದು ಕಥೆಯು ಪುಸ್ತಕದಿಂದ ಚಿತ್ರಕ್ಕೆ ರೂಪಾಂತರ ಹೊಂದುವಾಗ ಯಾವುದು ಉಳಿಯಿತು, ಯಾವುದು ಬದಲಾಯಿತು ಎಂಬುದು ಎರಡು ಕಾಲಗಳ ನಡುವಣ ಅಂತರವನ್ನು ಅಳೆಯುವ ಸಾಧನವಾಗಬಲ್ಲುದು. ಪ್ರಕೃತ ಲೇಖನದಲ್ಲಿ ನಾವು ಸ್ಟೀಫನ್ ಕಿಂಗನು 1980ರಲ್ಲಿ ಪ್ರಕಟಿಸಿದ ‘ದಿ ಮಿಸ್ಟ್’ ಎಂಬ ನೀಳ್ಗತೆಯನ್ನೂ, ಅದನ್ನು ಆಧರಿಸಿ ಫ್ರಾಂಕ್ ಡರಬಾಂಟನು ನಿರ್ದೇಶಿಸಿದ, 2007ರಲ್ಲಿ ತೆರೆಗೆ ಬಂದ ಅದೇ ಹೆಸರಿನ ಚಿತ್ರವನ್ನೂ ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಚಿತ್ರದ ಮುಕ್ತಾಯವು ಕಥೆಯ ಮುಕ್ತಾಯಕ್ಕಿಂತ ತೀರ ಭಿನ್ನವಾಗಿದೆ. ಪ್ರೇಕ್ಷಕರನ್ನು ಬೆಚ್ಚಿಸುವ ಚಮತ್ಕಾರವೆಂದು ಅದನ್ನು ತಳ್ಳಿಹಾಕಲಾಗದು. ಮೂಲಕಥೆಯಲ್ಲಿಯೇ ಹುದುಗಿದ್ದ ಒಂದು ಪ್ರಶ್ನೆಗೆ ಅದು ಕೊಟ್ಟ ಉತ್ತರವೆಂದು ತೋರಿಸುವುದು ನಮ್ಮ ಆಶಯ.

ಮೊದಲು ಈ ಕಥಾವಸ್ತುವಿನ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೋಡಬಹುದು. ಇಂಗ್ಲೆಂಡಿನ ಲೇಖಕಿ ಡ್ಯಾಫ್ನಿ ಡು ಮೊರಿಯೆ 1952ರಲ್ಲಿ ‘ದಿ ಆಪಲ್ ಟ್ರೀ’ ಎಂಬ ಸಂಕಲನದಲ್ಲಿ ‘ದಿ ಬರ್ಡ್ಸ್’ ಎಂಬ ಕಥೆಯನ್ನು ಪ್ರಕಟಿಸಿದಳು. ಕಡಲತೀರದ ಹಳ್ಳಿಯೊಂದರಲ್ಲಿ, ಯುದ್ಧದಲ್ಲಿ ಅಂಗವಿಕಲನಾಗಿ ಪಿಂಚಣಿ ಪಡೆಯುತ್ತಿರುವ ನ್ಯಾಟ್ ಹಾಕನ್ ಎಂಬ ಕೃಷಿಕಾರ್ಮಿಕನ ಮನೆಯ ಮೇಲೆ ಹಕ್ಕಿಗಳು ಎರಗುತ್ತವೆ. ಕಿಟಕಿಗಳಿಗೆ ಹಲಗೆ ಹೊಡೆದು ರೇಡಿಯೋ ವಾರ್ತೆಗೆ ಕಿವಿಗೊಟ್ಟು ಕುಳಿತ ಸಂಸಾರದ ಚಿತ್ರವು, ವಿಮಾನದಾಳಿಯ ದಿನಗಳನ್ನು ಕಂಡು ಏಳೆಂಟು ವರ್ಷಗಳಷ್ಟೇ ಕಳೆದಿದ್ದ ಆ ನಾಡಿನ ಓದುಗರಿಗೆ ಅಪರಿಚಿತವಾಗಿರಲಿಲ್ಲ. ಕೊನೆಗೆ ರೇಡಿಯೋ ಮೌನವಾಗುತ್ತದೆ. ರಕ್ಷಿಸಲು ಯಾರೂ ಬರುವುದಿಲ್ಲ. ಇಲ್ಲಿ ಶತ್ರುವು ಸಂಪೂರ್ಣವಾಗಿ ಹೊರಗಿನದು, ಮನೆಯೊಳಗೆ ಒಡಕಿಲ್ಲ.

ಆಲ್‌ಫ್ರೆಡ್ ಹಿಚ್‌ಕಾಕನು 1963ರಲ್ಲಿ ಈ ಕಥೆಯನ್ನು ಚಿತ್ರಕ್ಕೆ ಅಳವಡಿಸಿದಾಗ, ಹೆಸರನ್ನೂ ಹಕ್ಕಿಗಳ ದಾಳಿಯನ್ನೂ ಉಳಿಸಿಕೊಂಡು ಉಳಿದುದನ್ನೆಲ್ಲ ಬದಲಾಯಿಸಿದನು. ಚಿತ್ರಕಥೆಯನ್ನು ಬರೆದವನು ಇವಾನ್ ಹಂಟರ್. ಸ್ಥಳವು ಕ್ಯಾಲಿಫೋರ್ನಿಯದ ಬೊಡೇಗ ಬೇ ಎಂಬ ಸಣ್ಣ ಊರಾಯಿತು. ಒಂದು ಸಂಸಾರದ ಕಥೆ ಒಂದು ಊರಿನ ಕಥೆಯಾದುದು ಮುಖ್ಯವಾದ ಮಾರ್ಪಾಟು. ಅಲ್ಲಿನ ಉಪಾಹಾರಗೃಹದ ಪ್ರಸಂಗವನ್ನು ನಾವು ವಿಶೇಷವಾಗಿ ಗಮನಿಸಬೇಕು. ಹಕ್ಕಿಗಳ ವಿಷಯವನ್ನು ಬಲ್ಲ ವೃದ್ಧೆಯೊಬ್ಬಳು, ಇಂಥದು ನಡೆಯಲು ಸಾಧ್ಯವೇ ಇಲ್ಲವೆಂದು ವಾದಿಸುತ್ತಾಳೆ; ಕುಡುಕನೊಬ್ಬನು ಪ್ರಳಯಕಾಲ ಬಂದಿತೆಂದು ಧರ್ಮಗ್ರಂಥದ ಮಾತನ್ನಾಡುತ್ತಾನೆ; ದಾಳಿಯ ಬಳಿಕ, ಮಕ್ಕಳ ತಾಯಿಯೊಬ್ಬಳು ಊರಿಗೆ ಹೊಸದಾಗಿ ಬಂದ ಯುವತಿಯೇ ಈ ಅನಿಷ್ಟಕ್ಕೆ ಮೂಲವೆಂದು ಕೂಗುತ್ತಾಳೆ. ನಿರಾಕರಣೆ, ಪ್ರಳಯವಾಣಿ, ಆರೋಪ ಇವು ಮೂರೂ ಒಂದೇ ಕೊಠಡಿಯಲ್ಲಿ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಹಕ್ಕಿಗಳು ಏಕೆ ಎರಗಿದವೆಂಬುದಕ್ಕೆ ಚಿತ್ರದಲ್ಲಿ ಸಮಾಧಾನವಿಲ್ಲ. ಕೊನೆಯಲ್ಲಿ ‘ಮುಗಿಯಿತು’ ಎಂಬ ಫಲಕವೂ ಇಲ್ಲ.

ಮೂರನೆಯದು ಜಾರ್ಜ್ ರೊಮೆರೋವಿನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968). ರಿಚರ್ಡ್ ಮ್ಯಾಥಿಸನನ ‘ಐ ಆಮ್ ಲೆಜೆಂಡ್’ ಎಂಬ 1954ರ ಕಾದಂಬರಿಯಿಂದ ತಾನು ಪ್ರೇರಣೆ ಪಡೆದುದನ್ನು ರೊಮೆರೋ ಒಪ್ಪಿಕೊಂಡಿದ್ದಾನೆ. ಇಲ್ಲಿ ಏಳು ಮಂದಿ ಒಂದು ತೋಟದ ಮನೆಯಲ್ಲಿ ಅವಿತಿದ್ದಾರೆ. ಹೊರಗೆ ಎದ್ದುಬಂದ ಹೆಣಗಳು. ನೆಲಮಾಳಿಗೆಗೆ ಇಳಿಯಬೇಕೆ, ಮೇಲೆಯೇ ನಿಂತು ಬಾಗಿಲುಗಳನ್ನು ಭದ್ರಪಡಿಸಬೇಕೆ ಎಂಬ ವಾದದಲ್ಲಿ ಒಗ್ಗಟ್ಟು ಮುರಿಯುತ್ತದೆ. ಧೈರ್ಯಶಾಲಿಯೂ ವಿವೇಕಿಯೂ ಆದ ಬೆನ್ ನೆಲಮಾಳಿಗೆಯನ್ನು ಕಟುವಾಗಿ ವಿರೋಧಿಸುತ್ತಾನೆ. ಆದರೆ ಕೊನೆಗೆ ಅವನ ಪ್ರಾಣ ಉಳಿಯುವುದು ಅದೇ ನೆಲಮಾಳಿಗೆಯಲ್ಲಿ. ಬೆಳಗಾದ ಮೇಲೆ ರಕ್ಷಣೆಗೆಂದು ಬಂದವರೇ ಅವನನ್ನು ಹೆಣವೆಂದು ಭಾವಿಸಿ ಗುಂಡಿಟ್ಟು ಕೊಲ್ಲುತ್ತಾರೆ. ವಿವೇಕಿಯೂ ತಪ್ಪಬಲ್ಲನು, ರಕ್ಷಣೆಯು ಬಂದರೂ ವ್ಯರ್ಥವಾಗಬಲ್ಲುದು ಎಂಬ ಎರಡು ಕಹಿಯಾದ ಅಂಶಗಳು ಈ ಪರಂಪರೆಗೆ ಸೇರಿದುದು ಹೀಗೆ.

ಕಿಂಗನ ನೀಳ್ಗತೆಯು ಮೊದಲು ಕರ್ಬಿ ಮೆಕಾಲಿ ಸಂಪಾದಿಸಿದ ‘ಡಾರ್ಕ್ ಫೋರ್ಸಸ್’ ಎಂಬ ಸಂಕಲನದಲ್ಲಿ ಅಚ್ಚಾಯಿತು. 1985ರಲ್ಲಿ ಕಿಂಗನ ‘ಸ್ಕೆಲಿಟನ್ ಕ್ರೂ’ ಎಂಬ ಕಥಾಸಂಗ್ರಹದ ಮೊದಲ ಕಥೆಯಾಗಿ ಮತ್ತೆ ಬಂದಿತು. ಕಥೆಯ ಸ್ಥಳ ಅಮೆರಿಕದ ಮೇಯ್ನ್ ಸಂಸ್ಥಾನದ ಬ್ರಿಜ್‌ಟನ್. ಕಿಂಗನು ಕೆಲವು ಕಾಲ ವಾಸವಾಗಿದ್ದ ಊರದು. ಬಿರುಗಾಳಿಯೊಂದರ ಮರುದಿನ ದಿನಸಿಗೆಂದು ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದಾಗ, ಸಾಮಾನುಗಳ ಸಾಲುಗಳ ನಡುವೆ ಪುರಾತನಕಾಲದ ದೊಡ್ಡ ಹಾರುವ ಸರೀಸೃಪವೊಂದು ರೆಕ್ಕೆ ಬಡಿಯುತ್ತಿರುವಂತೆ ಕಲ್ಪನೆ ಮೂಡಿತೆಂದು ಅವನೇ ಹೇಳಿಕೊಂಡಿದ್ದಾನೆ. ಕಥೆಯಲ್ಲಿಯೂ ಡೇವಿಡ್ ಡ್ರೇಟನ್ ಎಂಬ ಚಿತ್ರಕಲಾವಿದನು ಬಿರುಗಾಳಿಯ ಮರುದಿನ, ಬಿಲ್ಲಿ ಎಂಬ ಚಿಕ್ಕ ಮಗನನ್ನೂ ನಾರ್ಟನ್ ಎಂಬ ನೆರೆಮನೆಯ ವಕೀಲನನ್ನೂ ಕರೆದುಕೊಂಡು ಅಂಗಡಿಗೆ ಬರುತ್ತಾನೆ. ಊರನ್ನು ದಟ್ಟವಾದ ಮಂಜು ಆವರಿಸುತ್ತದೆ. ಅದರೊಳಗೆ ಈ ಲೋಕಕ್ಕೆ ಸೇರದ ಜಂತುಗಳಿವೆ. ಸಮೀಪದಲ್ಲಿ ಸೈನ್ಯವು ಗುಟ್ಟಾಗಿ ನಡೆಸುತ್ತಿದ್ದ ಪ್ರಯೋಗವೇ ಇದಕ್ಕೆ ಕಾರಣವಿರಬಹುದೆಂಬ ವದಂತಿಯನ್ನು ಕಥೆಯು ವದಂತಿಯಾಗಿಯೇ ಬಿಡುತ್ತದೆ. ವಿಯೆಟ್ನಾಂ ಯುದ್ಧವೂ ವಾಟರ್‌ಗೇಟ್ ಪ್ರಕರಣವೂ ಆಗಿಹೋಗಿದ್ದ ಕಾಲದಲ್ಲಿ, ಸರ್ಕಾರವು ಏನನ್ನೋ ಮುಚ್ಚಿಡುತ್ತಿದೆಯೆಂಬ ಶಂಕೆಗೆ ಅಮೆರಿಕದ ಓದುಗರಲ್ಲಿ ಬೇರೆ ಸಮರ್ಥನೆ ಬೇಕಿರಲಿಲ್ಲ.

ಬೊಡೇಗ ಬೇಯ ಉಪಾಹಾರಗೃಹದಲ್ಲಿ ನಿಮಿಷಗಳಲ್ಲಿ ಮುಗಿದುಹೋದುದೇ ಇಲ್ಲಿ ಇಡೀ ಕಥೆಯಾಗಿ ಬೆಳೆದಿದೆಯೆಂದು ನಮಗೆ ತೋರುತ್ತದೆ. ವೃದ್ಧೆಯ ಸ್ಥಾನದಲ್ಲಿ ನಾರ್ಟನ್ ಇದ್ದಾನೆ. ಮಂಜಿನಲ್ಲಿ ಏನೂ ಇಲ್ಲ, ಊರವರು ತನ್ನನ್ನು ಗೇಲಿಮಾಡುತ್ತಿದ್ದಾರೆ ಎಂದು ನಂಬಿ, ತನ್ನ ಪಕ್ಷದವರೊಡನೆ ಹೊರಗೆ ಹೋಗಿ ನಾಶವಾಗುತ್ತಾನೆ. ಕುಡುಕನ ಪ್ರಳಯವಾಣಿಯೂ ತಾಯಿಯ ಆರೋಪವೂ ಶ್ರೀಮತಿ ಕಾರ್ಮೊಡಿ ಎಂಬ ಒಬ್ಬಳಲ್ಲಿಯೇ ಸೇರಿವೆ. ಇದು ದೇವರ ಕೋಪ, ರಕ್ತಬಲಿಯಿಂದಲ್ಲದೆ ಶಮನವಾಗದು ಎಂಬುದು ಅವಳ ಬೋಧನೆ. ಮೊದಲು ನಕ್ಕವರೇ ಎರಡು ರಾತ್ರಿಗಳು ಕಳೆಯುವಷ್ಟರಲ್ಲಿ ಅವಳ ಸುತ್ತ ನೆರೆಯುತ್ತಾರೆ. ಅವಳ ವಾದವು ಬಲವಾದುದೆಂದಲ್ಲ. ಕಾರಣ ಗೊತ್ತಿಲ್ಲವೆನ್ನುವವರ ನಡುವೆ, ಕಾರಣ ತನಗೆ ಗೊತ್ತಿದೆಯೆಂದು ಹೇಳಿದವಳು ಅವಳೊಬ್ಬಳೇ.

ಡರಬಾಂಟನು ಇದಕ್ಕೆ ಮೊದಲೇ ಕಿಂಗನ ಕೃತಿಗಳನ್ನು ಆಧರಿಸಿ ‘ದಿ ಶಾಶಾಂಕ್ ರಿಡೆಂಪ್ಷನ್’ (1994), ‘ದಿ ಗ್ರೀನ್ ಮೈಲ್’ (1999) ಎಂಬ ಎರಡು ದೊಡ್ಡ ಚಿತ್ರಗಳನ್ನು ಮಾಡಿದ್ದನು. ‘ದಿ ಮಿಸ್ಟ್’ ಅವುಗಳಿಗಿಂತ ಅಗ್ಗದ, ಅವಸರದ ಚಿತ್ರ. ಸುಮಾರು 1 ಕೋಟಿ 80 ಲಕ್ಷ ಡಾಲರುಗಳಲ್ಲಿ, ಲೂಯಿಸಿಯಾನದ ಶ್ರೀವ್‌ಪೋರ್ಟಿನಲ್ಲಿ, ಆರು ವಾರಗಳ ಆಸುಪಾಸಿನಲ್ಲಿ ಚಿತ್ರೀಕರಣವು ಮುಗಿಯಿತು. ದೂರದರ್ಶನದ ಪೊಲೀಸ್ ಧಾರಾವಾಹಿಯೊಂದರ ಛಾಯಾಗ್ರಾಹಕರನ್ನು ಕರೆಸಿಕೊಂಡು, ಕ್ಯಾಮೆರಾವನ್ನು ಕೈಯಲ್ಲಿಯೇ ಹಿಡಿದು, ಸುದ್ದಿಚಿತ್ರದಂತೆ ತೆಗೆಸಿದನು. ಕಪ್ಪುಬಿಳುಪಿನಲ್ಲಿ ತೆಗೆಯಬೇಕೆಂಬ ಅವನ ಆಸೆ ಆಗ ನೆರವೇರಲಿಲ್ಲ. 2008ರಲ್ಲಿ ಡಿವಿಡಿ ಹೊರಬಂದಾಗ ಕಪ್ಪುಬಿಳುಪಿನ ಪಾಠವನ್ನೂ ಸೇರಿಸಲಾಯಿತು. ತನ್ನ ಮುಕ್ತಾಯವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅವನು ಅಲ್ಪವೆಚ್ಚಕ್ಕೆ ಒಪ್ಪಿದನೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಚಿತ್ರವು 2007ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 2001ರ ಸೆಪ್ಟೆಂಬರಿನ ದಾಳಿಗಳು, 2003ರಲ್ಲಿ ಆರಂಭವಾದ ಇರಾಕ್ ಯುದ್ಧ, 2005ರಲ್ಲಿ ಲೂಯಿಸಿಯಾನವನ್ನು ಧ್ವಂಸಮಾಡಿದ ಕತ್ರಿನಾ ಚಂಡಮಾರುತ ಇವು ಮೂರೂ ಪ್ರೇಕ್ಷಕರ ನೆನಪಿನಲ್ಲಿ ಹಸಿಯಾಗಿದ್ದವು. ಚಿತ್ರವು ಇವುಗಳ ರೂಪಕವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಬದಲಾವಣೆ ಗಮನಾರ್ಹ. ಮೂಲಕಥೆಯಲ್ಲಿ ಅಂಗಡಿಯಲ್ಲಿದ್ದ ಇಬ್ಬರು ಸೈನಿಕರು ನೇಣು ಹಾಕಿಕೊಳ್ಳುತ್ತಾರೆ. ಚಿತ್ರದಲ್ಲಿ ಮೂರನೆಯವನೊಬ್ಬನಿದ್ದಾನೆ, ಜೆಸಪ್ ಎಂಬ ಹುಡುಗ. ಪ್ರಯೋಗದ ವಿಷಯವಾಗಿ ತಾನು ಕೇಳಿದ್ದನ್ನು ಅವನು ಒಪ್ಪಿಕೊಂಡೊಡನೆ, ಜನರು ಅವನನ್ನು ಇರಿದು ಮಂಜಿಗೆ ನೂಕುತ್ತಾರೆ. ಮೂಲದಲ್ಲಿ ಬೆದರಿಕೆಯಾಗಿಯೇ ಉಳಿದ ಬಲಿಯು ಇಲ್ಲಿ ಕಾರ್ಯಗತವಾಗುತ್ತದೆ. ಮುಂದೆ ಕಾರ್ಮೊಡಿಯು ಬಾಲಕ ಬಿಲ್ಲಿಯನ್ನೇ ಕೇಳಿದಾಗ, ಅಂಗಡಿಯ ಸಹಾಯಕ ವ್ಯವಸ್ಥಾಪಕನಾದ ಆಲಿ ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಡೇವಿಡನ ಗುಂಪಿನಲ್ಲಿ ಬದುಕುಳಿದವರು ವಾಹನವೇರಿ ಪಾರಾಗುತ್ತಾರೆ.

ಇಲ್ಲಿಂದ ಮುಂದೆ ಕಥೆಯೂ ಚಿತ್ರವೂ ಬೇರೆ ದಾರಿ ಹಿಡಿಯುತ್ತವೆ. ಕಿಂಗನ ಕಥೆಯಲ್ಲಿ ಪ್ರಯಾಣವು ಮುಗಿಯುವುದೇ ಇಲ್ಲ. ರೇಡಿಯೋದಲ್ಲಿ ಒಂದು ಊರಿನ ಹೆಸರು ಕೇಳಿಸಿತೋ ಇಲ್ಲವೋ ಎಂಬ ಅಲ್ಪವಾದ ಆಸೆಯಲ್ಲಿ ಕಥೆ ನಿಲ್ಲುತ್ತದೆ. ಇಂಥ ಅಂತ್ಯವನ್ನು ಹಿಚ್‌ಕಾಕನ ಮುಕ್ತಾಯವೆಂದು ತನ್ನ ತಂದೆ ಕರೆಯುತ್ತಿದ್ದುದಾಗಿ ನಿರೂಪಕನೇ ನೆನೆಯುತ್ತಾನೆ. ಆದುದರಿಂದ ಮೇಲೆ ನಾವು ತೋರಿಸಿದ ಸಂಬಂಧವು ನಮ್ಮ ಊಹೆ ಮಾತ್ರವಲ್ಲ. ಚಿತ್ರದಲ್ಲಿಯಾದರೋ ವಾಹನದ ಇಂಧನವು ತೀರುತ್ತದೆ. ಒಳಗೆ ಐದು ಮಂದಿ. ಪಿಸ್ತೂಲಿನಲ್ಲಿ ನಾಲ್ಕು ಗುಂಡುಗಳು. ಘೋರವಾದ ಸಾವಿನಿಂದ ಉಳಿಸಬೇಕೆಂದು ಡೇವಿಡನು ಮಗನನ್ನೂ ಉಳಿದ ಮೂವರನ್ನೂ ಕೊಲ್ಲುತ್ತಾನೆ. ತಾನೂ ಸಾಯಲೆಂದು ಹೊರಗೆ ಬಂದು ಜಂತುಗಳನ್ನು ಕೂಗಿ ಕರೆಯುತ್ತಾನೆ. ಮಂಜಿನಿಂದ ಹೊರಬರುವುದು ಸೈನ್ಯದ ವಾಹನಗಳು. ಮಂಜು ಹಿಂದೆ ಸರಿಯುತ್ತಿದೆ. ಬದುಕುಳಿದವರನ್ನು ಹೊತ್ತ ಲಾರಿಯೊಂದರಲ್ಲಿ ಒಬ್ಬ ಹೆಂಗಸು ತನ್ನ ಇಬ್ಬರು ಮಕ್ಕಳೊಡನೆ ನಿಂತು ಅವನನ್ನು ನೋಡುತ್ತಾಳೆ.

ಈ ಹೆಂಗಸು ಯಾರು? ಮಂಜು ಕವಿದ ಆರಂಭದಲ್ಲಿಯೇ, ಮನೆಯಲ್ಲಿ ಮಕ್ಕಳು ಒಂಟಿಯಾಗಿದ್ದಾರೆ, ಯಾರಾದರೂ ಜೊತೆಗೆ ಬರುವಿರಾ ಎಂದು ಒಬ್ಬೊಬ್ಬರನ್ನೂ ಕೇಳಿದವಳು. ಡೇವಿಡನೂ ಸೇರಿ ಎಲ್ಲರೂ ಹಿಂಜರಿದಾಗ ಒಬ್ಬಳೇ ಹೊರಟುಹೋದವಳು. ಮೂಲಕಥೆಯಲ್ಲಿಯೂ ಅವಳಿದ್ದಾಳೆ, ಆದರೆ ಮತ್ತೆ ಕಾಣಿಸುವುದಿಲ್ಲ. ಗುಂಡುಗಳ ಲೆಕ್ಕವೂ ಮೂಲದಲ್ಲಿದೆ. ಅಲ್ಲಿ ಅದು ನಿರೂಪಕನ ಮನಸ್ಸಿನಲ್ಲಿ ಹಾದುಹೋಗುವ ಆಲೋಚನೆ ಮಾತ್ರ. ಕಿಂಗನು ಬಿತ್ತಿ ಬಿಟ್ಟ ಈ ಎರಡು ಬೀಜಗಳಿಂದಲೇ ಡರಬಾಂಟನು ತನ್ನ ಮುಕ್ತಾಯವನ್ನು ಬೆಳೆಸಿದನು. ಕಿಂಗನೂ ಅದನ್ನು ಬಹಿರಂಗವಾಗಿಯೇ ಮೆಚ್ಚಿಕೊಂಡನು.

ಈ ಮುಕ್ತಾಯಕ್ಕೆ ಒಂದು ಆಕ್ಷೇಪವುಂಟು. ಕಾರ್ಮೊಡಿ ಬಾಲಕನ ಬಲಿಯನ್ನು ಕೇಳಿದಳು, ಬಾಲಕನು ಸತ್ತನು, ಮಂಜು ಸರಿಯಿತು. ಹಾಗಾದರೆ ಅವಳ ಮಾತೇ ನಿಜವಾದಂತಾಗಲಿಲ್ಲವೆ? ಆಕ್ಷೇಪವು ಚಮತ್ಕಾರಯುಕ್ತವಾದರೂ ನಿಲ್ಲತಕ್ಕದ್ದಲ್ಲ. ಸೈನ್ಯವು ಆ ಗುಂಡುಗಳ ಸದ್ದಿಗಿಂತ ಮೊದಲೇ ದಾರಿಯಲ್ಲಿತ್ತು. ಲಾರಿಯಲ್ಲಿದ್ದವರು ಅದಕ್ಕಿಂತ ಮೊದಲೇ ರಕ್ಷಿತರಾಗಿದ್ದರು. ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗದೆಂಬುದು ಚರಿತ್ರೆಯ ಅಧ್ಯಯನದ ಮೊದಲ ಪಾಠ.

ನಮ್ಮ ಮಟ್ಟಿಗೆ ಚಿತ್ರದ ತಾತ್ಪರ್ಯವು ಬೇರೆ. ಮುತ್ತಿಗೆಗೊಳಗಾದವರಲ್ಲಿ ಮೂವರಿಗೆ ಮೂರು ಬಗೆಯ ನಿಶ್ಚಯವಿತ್ತು. ಹೊರಗೆ ಏನೂ ಇಲ್ಲವೆಂದು ನಾರ್ಟನನ ನಿಶ್ಚಯ. ಇದು ಏಕೆ ಬಂದಿತೆಂದು ತನಗೆ ಗೊತ್ತೆಂಬುದು ಕಾರ್ಮೊಡಿಯ ನಿಶ್ಚಯ. ಇನ್ನು ಯಾರೂ ಬರುವುದಿಲ್ಲವೆಂದು ಡೇವಿಡನ ನಿಶ್ಚಯ. ಮೊದಲನೆಯವರಿಬ್ಬರ ತಪ್ಪನ್ನು ಪ್ರೇಕ್ಷಕರು ಸುಲಭವಾಗಿ ಗುರುತಿಸುತ್ತಾರೆ. ಮೂರನೆಯದು ಸಜ್ಜನನ ತಪ್ಪು, ಪ್ರೀತಿಯಿಂದ ಹುಟ್ಟಿದ ತಪ್ಪು. ಆದುದರಿಂದಲೇ ನಾವು ಕೊನೆಯ ಕ್ಷಣದವರೆಗೂ ಅವನ ಪಕ್ಷದಲ್ಲಿಯೇ ಇರುತ್ತೇವೆ. ಆದರೆ ಮುಂದೇನಾಗುವುದೆಂದು ತನಗೆ ತಿಳಿದಿದೆಯೆಂಬ ನಂಬಿಕೆಯಿಂದ ಬೇರೆಯವರ ಪ್ರಾಣವನ್ನು ತೆಗೆದುದರಲ್ಲಿ ಅವನೂ ಕಾರ್ಮೊಡಿಯೂ ಒಂದೇ. ಮಕ್ಕಳಿಗಾಗಿ ಹೊರಟ ಹೆಂಗಸಿಗೆ ಇಂಥ ಯಾವ ನಿಶ್ಚಯವೂ ಇರಲಿಲ್ಲ. ಅವಳಿಗೆ ಗೊತ್ತಿದ್ದುದು ತನ್ನ ಕರ್ತವ್ಯವೊಂದೇ.

ನಮ್ಮ ಓದುಗರಿಗೆ ಇಲ್ಲಿ ಮಹಾಭಾರತದ ಏಕಚಕ್ರನಗರವು ನೆನಪಾಗದಿರದು. ಆ ಊರೂ ಒಬ್ಬ ರಾಕ್ಷಸನಿಗೆ ಸಿಕ್ಕಿತ್ತು. ಸರದಿಯ ಮೇಲೆ ಮನೆಗೊಬ್ಬರಂತೆ ಬಕನಿಗೆ ಆಹಾರವಾಗಬೇಕಿತ್ತು. ಆದರೆ ಸರದಿ ಬಂದ ಬ್ರಾಹ್ಮಣನ ಮನೆಯಲ್ಲಿ ತಂದೆ, ತಾಯಿ, ಮಗಳು ಒಬ್ಬೊಬ್ಬರೂ ನಾನು ಹೋಗುತ್ತೇನೆಂದು ವಾದಿಸಿದರು. ಕುಂತಿಯು ಒಳಗೆ ಬಂದುದು ಆ ಮಾತುಗಳನ್ನು ಕೇಳಿ. ಬ್ರಿಜ್‌ಟನ್ನಿನ ಅಂಗಡಿಯಲ್ಲಿ ಜನರು ಮುಂದೆ ನೂಕಿದುದು ಪರರನ್ನು. ರಾಕ್ಷಸನು ಹೊರಗಿರುವಾಗ ಒಳಗಿನ ಮಾತು ಯಾವುದೆಂಬುದರ ಮೇಲೆ ಊರಿನ ಯೋಗ್ಯತೆ ನಿಲ್ಲುತ್ತದೆ.

2017ರಲ್ಲಿ ಇದೇ ಕಥೆಯನ್ನು ಅಮೆರಿಕದಲ್ಲಿ ಹತ್ತು ಕಂತುಗಳ ದೂರದರ್ಶನ ಧಾರಾವಾಹಿಯಾಗಿ ಮಾಡಲಾಯಿತು, ಅದು ಮುಂದುವರಿಯಲಿಲ್ಲ. ಡು ಮೊರಿಯೆಯಿಂದ ಡರಬಾಂಟನವರೆಗಿನ ಐವತ್ತೈದು ವರ್ಷಗಳಲ್ಲಿ ಜಂತುಗಳ ಆಕಾರವು ಅನೇಕ ಸಲ ಬದಲಾಯಿತು. ಅದಕ್ಕಿಂತ ಹೆಚ್ಚಾಗಿ ಬದಲಾದುದು ಗೋಡೆಯೊಳಗಿನ ಮನುಷ್ಯ. 1952ರಲ್ಲಿ ರೇಡಿಯೋ ಮೌನವಾದ ಮೇಲೂ ನ್ಯಾಟ್ ಹಾಕನ್ ತನ್ನ ಮಕ್ಕಳನ್ನು ಕಾಯುತ್ತ ಕುಳಿತಿದ್ದನು. 2007ರಲ್ಲಿ ಡೇವಿಡ್ ಡ್ರೇಟನನು ಅಷ್ಟು ಹೊತ್ತು ಕಾಯಲಾರದೆ ಹೋದನು. ಅವನು ಕಾಯಬೇಕಾಗಿದ್ದುದು ಕೆಲವೇ ನಿಮಿಷಗಳು.