ಓಡಿ ಬಂದ 66 ಮಂದಿ: ಬಾಂಬೆ ಡಾಕ್, 1944

1/5
ಏಪ್ರಿಲ್ 14 ಅಂದ್ರೆ ಅಂಬೇಡ್ಕರ್ ಜಯಂತಿ, ಅದು ನಮಗೆಲ್ಲ ಗೊತ್ತು. ಅದೇ ದಿನ ದೇಶದ ಎಲ್ಲಾ ಅಗ್ನಿಶಾಮಕ ಠಾಣೆಗಳಲ್ಲೂ, ನಮ್ಮ ಕರ್ನಾಟಕದಲ್ಲೂ, ಅಗ್ನಿಶಾಮಕ ಸೇವಾ ದಿನ ಆಚರಿಸ್ತಾರೆ. ಯಾಕೆ ಅದೇ ದಿನ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?

2/5
1944. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ 'ಫೋರ್ಟ್ ಸ್ಟೈಕಿನ್' ಎಂಬ ಹಡಗು ನಿಂತಿತ್ತು. ಒಳಗೆ ಸುಮಾರು 1,400 ಟನ್ ಸ್ಫೋಟಕ ಮತ್ತು ಮದ್ದುಗುಂಡು. ಅದರ ಜೊತೆಗೇ ಸಾವಿರಾರು ಹತ್ತಿ ಮೂಟೆ, ಎಣ್ಣೆ ಪೀಪಾಯಿ, ಚಿನ್ನದ ಗಟ್ಟಿ. ಹತ್ತಿ ಮತ್ತು ಸ್ಫೋಟಕ ಒಂದೇ ಕಡೆ! ಅಪಾಯದ ಸರಕು ಇದೆ ಅಂತ ಹಾರಿಸಬೇಕಿದ್ದ ಕೆಂಪು ಬಾವುಟ ಮಾತ್ರ ಹಾರುತ್ತಿರಲಿಲ್ಲ.

3/5
ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ಅಗ್ನಿಶಾಮಕ ಸಿಬ್ಬಂದಿ ಓಡಿ ಬಂದರು, ನೀರು ಹಾಯಿಸಿದರು. ಹಡಗನ್ನು ಅಲ್ಲೇ ಮುಳುಗಿಸೋದಾ, ಸಮುದ್ರಕ್ಕೆ ಎಳೆಯೋದಾ? ಒಬ್ಬೊಬ್ಬ ಅಧಿಕಾರಿಯದ್ದು ಒಂದೊಂದು ಮಾತು. 'ಎಲ್ಲರೂ ದೂರ ಹೋಗಿ' ಅನ್ನುವ ಒಂದು ಆದೇಶ ಸಮಯಕ್ಕೆ ಬರಲಿಲ್ಲ. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು ಅರ್ಧ ಗಂಟೆಯಲ್ಲಿ ಇನ್ನೊಂದು ಸ್ಫೋಟ. ಸಿಮ್ಲಾದ ಭೂಕಂಪ ಮಾಪಕದಲ್ಲೂ ಅದು ದಾಖಲಾಯಿತು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ.

ಅವರಿಗೆ ಧೈರ್ಯ ಕಮ್ಮಿ ಇರಲಿಲ್ಲ. ಕಮ್ಮಿ ಇದ್ದದ್ದು ಮಾಹಿತಿ, ಮತ್ತು ಹಿಂದಕ್ಕೆ ಬನ್ನಿ ಅಂತ ಹೇಳುವ ಒಂದು ದನಿ.

4/5
ಮೂರೇ ವರ್ಷದಲ್ಲಿ, 1947ರ ಏಪ್ರಿಲ್ 16ರಂದು, ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಮತ್ತೆ ಅದೇ ಕಥೆ. ಗೊಬ್ಬರಕ್ಕೆ ಬಳಸುವ ಅಮೋನಿಯಂ ನೈಟ್ರೇಟ್ ತುಂಬಿದ್ದ ಹಡಗಿಗೆ ಬೆಂಕಿ ಬಿತ್ತು. ಕಿತ್ತಳೆ ಬಣ್ಣದ ಹೊಗೆ ನೋಡೋಕೆ ಜನ ಸೇರಿದರು. ಹಡಗು ಸಿಡಿದಾಗ ಊರಿನ 28 ಸ್ವಯಂಸೇವಕ ಅಗ್ನಿಶಾಮಕರಲ್ಲಿ 27 ಜನ ಹೋದರು.

ಇಂಥ ಸಾವುಗಳಿಂದ ಕಲಿತ ಪಾಠವೇ ಇವತ್ತಿನ ತರಬೇತಿ. ಅದರಲ್ಲಿ ಮೊದಲು ಕಲಿಸೋದು ಓಡಿ ಹೋಗಿ ನೀರು ಹಾಕೋದನ್ನಲ್ಲ. ಗಾಳಿ ಬೀಸುವ ಕಡೆಯಿಂದ ಬಂದು ದೂರದಲ್ಲೇ ನಿಲ್ಲು. ವಾಹನದ ಮೇಲಿನ ಅಪಾಯ ಸೂಚಕ ಫಲಕ ಓದು. ಲಾರಿಯಲ್ಲಿರುವ ಸ್ಫೋಟಕದ ಸರಕಿಗೇ ಬೆಂಕಿ ತಲುಪಿದ್ದರೆ ಆರಿಸೋಕೆ ಹೋಗಬೇಡ. ಸುತ್ತ ಕನಿಷ್ಠ 1,600 ಮೀಟರ್ ಖಾಲಿ ಮಾಡಿಸಿ ಉರಿಯೋಕೆ ಬಿಡು. ಅನುಮಾನದ ಚೀಲ ಕಂಡರೆ ಮುಟ್ಟಬೇಡ, ಅದರ ಹತ್ತಿರ ವಾಕಿಟಾಕಿ ಬಳಸಬೇಡ, ಬಾಂಬ್ ನಿಷ್ಕ್ರಿಯ ದಳಕ್ಕೆ ಬಿಡು. ಒಂದು ಸಿಡಿದ ಮೇಲೆ ಇನ್ನೊಂದು ಇರಬಹುದು ಅಂತಲೇ ನಡೆದುಕೋ. ಆದೇಶ ಕೊಡುವವರು ಒಬ್ಬರೇ ಇರಲಿ.

ಜನ ಕೂಗಾಡುತ್ತಿರುವಾಗ ಸುಮ್ಮನೆ ದೂರ ನಿಲ್ಲೋದು ಸುಲಭ ಅಲ್ಲ. ಅದಕ್ಕೇ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸೋದು.

5/5
ಈಗ ನಮ್ಮ ವಿಷಯ. ಎಲ್ಲಾದ್ರೂ ಹೊಗೆ ಎದ್ದರೆ ನಾವು ಮೊದಲು ಮಾಡೋದೇನು ಹೇಳಿ? ಫೋನ್ ತೆಗೆದು ಹತ್ತಿರ ಹೋಗೋದು. ಟೆಕ್ಸಸ್ ಸಿಟಿಯಲ್ಲಿ ಜನ ನಿಂತಿದ್ದೂ ಹಾಗೇ, ಕೈಯಲ್ಲಿ ಫೋನ್ ಇರಲಿಲ್ಲ ಅಷ್ಟೇ. ಮುಂದಿನ ಸಲ 112ಕ್ಕೆ ಕರೆ ಮಾಡಿ, ದೂರ ಸರಿಯಿರಿ, ಗಾಜಿನ ಕಿಟಕಿ ಹತ್ತಿರ ನಿಲ್ಲಬೇಡಿ. ಪೊಲೀಸರು ಹಗ್ಗ ಕಟ್ಟಿ 'ಹಿಂದೆ ಹೋಗ್ರಿ' ಅಂದ್ರೆ ವಾದ ಮಾಡಬೇಡಿ.

ಆ ಒಂದು ಮಾತು ಅವತ್ತು ಬಾಂಬೆಯಲ್ಲಿ ಸಮಯಕ್ಕೆ ಬರಲಿಲ್ಲ.

ಇದನ್ನ ಓದಬೇಕಾದ ಒಬ್ಬ ಫ್ರೆಂಡ್‌ಗೆ ಕಳಿಸಿ 🚒

#ಇತಿಹಾಸ #ಬಾಂಬೆಡಾಕ್1944 #ಅಗ್ನಿಶಾಮಕಸೇವಾದಿನ